ಕೆಮ್ಮುವ ಮಗನಿಗಿಂತ ತೊಟ್ಟಿಲ ಕೂಸಿನ ಮೇಲೆ ಕಣ್ಣಿಡಿ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ದೊಡ್ಡ ಮಗನಿಗೆ ಐದು ವರ್ಷ. ಮೂರು ವಾರದಿಂದ ಕೆಮ್ಮು. ಹಗಲು ಆಡುತ್ತಾನೆ, ಜ್ವರ ಇಲ್ಲ. ರಾತ್ರಿ ಕೆಮ್ಮು ಹತ್ತಿದರೆ ಮಾತ್ರ ನಿಲ್ಲುವುದೇ ಇಲ್ಲ. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂದು, ಕೊನೆಗೆ ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗುತ್ತಾನೆ. ಊರಿನ ಡಾಕ್ಟರ್ ಹತ್ರ ಎರಡು ಸಲ ಸೂಜಿ ಮಾಡಿಸಿದೆವು, ಮೂರು ಬಾಟಲಿ ಸಿರಪ್ ಮುಗಿಯಿತು. ಕತ್ತೆ ಹಾಲನ್ನೂ ಕುಡಿಸಿದ್ದೇವೆ. ಪಕ್ಕದ ಮನೆಯವರು ಇದು ನಾಯಿಕೆಮ್ಮು ಅನ್ನುತ್ತಾರೆ. ಅವನು ಚಿಕ್ಕವನಿದ್ದಾಗ ನಾವು ಬೆಂಗಳೂರಿಗೆ ಗುಳೆ ಹೋಗಿದ್ದೆವು. ಒಂದೂವರೆ ತಿಂಗಳಿನ ಸೂಜಿ ಒಂದೇ ಆಗಿದ್ದು. ಆಗ ಜ್ವರ ಬಂದು ತೊಡೆ ಬಾತಿತ್ತು, ಅತ್ತೆ ಇನ್ನು ಬೇಡ ಎಂದರು. ಈಗ ಮನೆಯಲ್ಲಿ ನಲವತ್ತು ದಿನದ ಹೆಣ್ಣು ಕೂಸಿದೆ. ಅದಕ್ಕೂ ಎರಡು ದಿನದಿಂದ ಸ್ವಲ್ಪ ಮೂಗು ಸೋರುತ್ತಿದೆ. ಮಗನಿಗೆ ಯಾವ ಔಷಧಿ ಕೊಡಬೇಕು? ಲಸಿಕೆ ಹಾಕಿಸುವ ವಯಸ್ಸು ಮೀರಿತಾ? ರಾಯಚೂರಿಗೆ ಹೋಗಬೇಕಾ, ಎಷ್ಟು ಖರ್ಚಾಗುತ್ತದೆ?

ಉತ್ತರ: ನೀವು ಕೇಳಿದ್ದು ಮಗನ ಬಗ್ಗೆ. ನಾನು ಮೊದಲು ಹೇಳುವುದು ಮಗಳ ಬಗ್ಗೆ. ತಂಗಿ, ಇದನ್ನು ಪೂರ್ತಿ ಓದುತ್ತಾ ಕೂರಬೇಡಿ. ಕೂಸನ್ನು ಎತ್ತಿಕೊಂಡು, ಮಗನನ್ನೂ ಕರೆದುಕೊಂಡು, ಇವತ್ತೇ ಸಿಂಧನೂರಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟರಿಗೆ ತೋರಿಸಿ. ಉಳಿದದ್ದನ್ನು ಬಸ್ಸಲ್ಲಿ ಕೂತು ಓದಬಹುದು.

ಅಲ್ಲಿ ಹೋಗಿ "ಕೂಸಿಗೆ ನೆಗಡಿ" ಎಂದಷ್ಟೇ ಹೇಳಿದರೆ ಮೂಗಿನ ಡ್ರಾಪ್ಸ್ ಬರೆದು ಕಳಿಸಿಬಿಡಬಹುದು. ಹಾಗಾಗಿ ಪೂರ್ತಿ ಹೇಳಿ: "ದೊಡ್ಡವನಿಗೆ ಮೂರು ವಾರದಿಂದ ಕೆಮ್ಮಿ ಕೆಮ್ಮಿ ವಾಂತಿ ಆಗುತ್ತಿದೆ. ಅವನ ಲಸಿಕೆ ಪೂರ್ತಿ ಆಗಿಲ್ಲ. ಈ ಕೂಸಿಗೆ ನಲವತ್ತು ದಿನ, ಇನ್ನೂ ಒಂದೂವರೆ ತಿಂಗಳಿನ ಸೂಜಿ ಆಗಿಲ್ಲ, ಮೂಗು ಸೋರುವುದು ಶುರುವಾಗಿದೆ." ಇಷ್ಟು ಕೇಳಿದ ಯಾವ ಮಕ್ಕಳ ಡಾಕ್ಟರೂ ಸುಮ್ನೆ ಕೂರುವುದಿಲ್ಲ.

ಯಾಕೆ ಇಷ್ಟು ಅವಸರ ಎಂದು ಕೇಳುತ್ತೀರಿ, ಅಲ್ವಾ? ನಾಯಿಕೆಮ್ಮು ಎಂದರೆ ಎಲ್ಲರ ತಲೆಯಲ್ಲಿರುವುದು ಆ ಶಬ್ದ. ಒಂದೇ ಉಸಿರಲ್ಲಿ ಹತ್ತು ಹದಿನೈದು ಸಲ ಕೆಮ್ಮಿ, ಕೊನೆಗೆ ಗಾಳಿ ಒಳಗೆ ಎಳೆದುಕೊಳ್ಳುವಾಗ "ಹೂಪ್" ಎಂದು ಬರುವ ಸದ್ದು. ಆದರೆ ಎರಡು ಮೂರು ತಿಂಗಳ ಕೂಸಿಗೆ ಹಾಗೆ ಗಾಳಿ ಎಳೆದುಕೊಳ್ಳುವ ಕಸುವೇ ಇರುವುದಿಲ್ಲ. ಅದು ಸ್ವಲ್ಪ ಕೆಮ್ಮಿದಂತೆ ಮಾಡಬಹುದು, ಮಾಡದೆಯೂ ಇರಬಹುದು. ಹಾಲು ಕುಡಿಯುತ್ತಾ ಕುಡಿಯುತ್ತಾ ಉಸಿರು ನಿಲ್ಲಿಸಿಬಿಡುತ್ತದೆ. ಅದೇ ಅದರ ನಾಯಿಕೆಮ್ಮು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಒಮ್ಮೆ ಎಡವಿದೆ. ಕೆಲಸಕ್ಕೆ ಸೇರಿದ ಹೊಸದು. ಹೊರರೋಗಿ ವಿಭಾಗದಲ್ಲಿ ನೂರಕ್ಕೂ ಜಾಸ್ತಿ ಚೀಟಿ. ಒಬ್ಬ ಬಾಣಂತಿ ಎರಡು ತಿಂಗಳ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದಿದ್ದಳು. "ಡಾಕ್ಟ್ರೇ, ಕೂಸು ಆಗಾಗ ಉಸಿರು ಮರೆಯುತ್ತದೆ" ಎಂದಳು. ಎದೆಗೆ ಸ್ಟೆತಾಸ್ಕೋಪ್ ಇಟ್ಟೆ, ಒಂದು ಸದ್ದೂ ಇಲ್ಲ, ಸ್ವಚ್ಛ. ಜ್ವರ ಇಲ್ಲ. ಕೂಸು ನನ್ನ ಮುಂದೆ ಆರಾಮಾಗಿ ನಿದ್ದೆ ಮಾಡುತ್ತಿತ್ತು. "ಹಾಲು ಗಂಟಲಿಗೆ ಸಿಕ್ಕಿರಬೇಕು" ಎಂದು ಹೇಳಿ ಕಳಿಸಿದೆ. ಮರುದಿನ ಬೆಳಗಿನ ಜಾವ ಅದೇ ಟವೆಲಿನಲ್ಲಿ ಅದೇ ಕೂಸು ವಾಪಸ್ ಬಂತು. ತುಟಿ ನೇರಳೆ ಹಣ್ಣಿನ ಬಣ್ಣ. ಆಮ್ಲಜನಕ ಕೊಟ್ಟು, ಕಫ ಎಳೆದು, ಹನ್ನೆರಡು ದಿನ ಪಕ್ಕದಲ್ಲೇ ಇಟ್ಟುಕೊಂಡೆವು. ಬದುಕಿತು. ಎರಡನೇ ದಿನ ಅಜ್ಜಿ ಕಡೆಯಿಂದ ಗೊತ್ತಾಗಿದ್ದು ಏನೆಂದರೆ, ಮನೆಯಲ್ಲಿ ಎಂಟು ವರ್ಷದ ಅಕ್ಕ ಒಂದು ತಿಂಗಳಿಂದ ಕೆಮ್ಮುತ್ತಿದ್ದಳು. ಆ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಅವತ್ತಿನಿಂದ ಚಿಕ್ಕ ಕೂಸು ಬಂದರೆ ನನ್ನ ಬಾಯಿಂದ ಮೊದಲು ಬರುವ ಮಾತು, "ಮನೆಯಲ್ಲಿ ಬೇರೆ ಯಾರಿಗೆ ಕೆಮ್ಮು?"

ನಿಮ್ಮ ಮನೆಯಲ್ಲಿ ಆ ಉತ್ತರ ಸಿದ್ಧವಾಗಿಯೇ ಇದೆ. ಅದಕ್ಕೇ ಅವಸರ.

ಈಗ ರೋಗದ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾಗದೆ ಜನ ಡಾಕ್ಟರಿಂದ ಡಾಕ್ಟರಿಗೆ ಅಲೆಯುತ್ತಾರೆ. ಇದರ ಹಿಂದೆ ಇರುವುದು ಬೋರ್ಡೆಟೆಲ್ಲಾ ಪರ್ಟುಸಿಸ್ ಎಂಬ ಬ್ಯಾಕ್ಟೀರಿಯಾ. 1906ರಲ್ಲಿ ಜೂಲ್ಸ್ ಬೋರ್ಡೆ ಮತ್ತು ಆಕ್ಟೇವ್ ಜಾಂಗು ಎಂಬ ಬೆಲ್ಜಿಯಂ ವಿಜ್ಞಾನಿಗಳು ಇದನ್ನು ಬೆಳೆಸಿ ತೋರಿಸಿದರು. ನಮ್ಮ ಉಸಿರುನಾಳದ ಒಳಗೋಡೆಯ ಮೇಲೆ ಸಣ್ಣ ಸಣ್ಣ ಕೂದಲಿನಂಥವು ಇರುತ್ತವೆ. ನಾಲೆ ಬಯಲಲ್ಲಿ ಗಾಳಿ ಬೀಸಿದಾಗ ಭತ್ತದ ಪೈರು ಒಂದೇ ಕಡೆ ತೂಗುತ್ತದಲ್ಲ, ಹಾಗೆ ಅವು ತೂಗುತ್ತಾ ಕಫ, ಧೂಳನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಈ ರೋಗಾಣು ಹೋಗಿ ಕೂರುವುದು ಸರಿಯಾಗಿ ಆ ಪೈರಿನ ಮೇಲೆ. ಕೂತು ವಿಷ ಬಿಡುತ್ತದೆ, ಪೈರು ನೆಲ ಕಚ್ಚುತ್ತದೆ. ಕಫ ಮೇಲೆ ಬರಲು ಕೆಮ್ಮು ಬಿಟ್ಟರೆ ಬೇರೆ ದಾರಿ ಉಳಿಯುವುದಿಲ್ಲ. ರೋಗಾಣು ಸತ್ತ ಮೇಲೂ ಪೈರು ಮತ್ತೆ ಎದ್ದು ನಿಲ್ಲಲು ವಾರಗಟ್ಟಲೆ ಬೇಕು. ಚೀನಾ, ಜಪಾನಿನವರು ಇದಕ್ಕೆ ಇಟ್ಟ ಹೆಸರೇ "ನೂರು ದಿನದ ಕೆಮ್ಮು".

ಮೊದಲ ಒಂದೆರಡು ವಾರ ಇದು ಸಾದಾ ನೆಗಡಿಯಂತೆಯೇ ಕಾಣುತ್ತದೆ. ಮೂಗು ಸೋರುವುದು, ಸಣ್ಣ ಕೆಮ್ಮು. ಬೇರೆಯವರಿಗೆ ಜಾಸ್ತಿ ಅಂಟುವುದು ಆಗಲೇ. ಮನೆಯಲ್ಲಿ ಒಬ್ಬರಿಗೆ ಬಂದರೆ, ಲಸಿಕೆ ಆಗದ ಹತ್ತು ಜನರಲ್ಲಿ ಎಂಟು ಒಂಬತ್ತು ಜನರಿಗೆ ಹಿಡಿಯುವಷ್ಟು ಅಂಟುರೋಗ ಇದು. ಆಮೇಲೆ ಬರುವುದೇ ನಿಮ್ಮ ಮಗ ಈಗಿರುವ ಹಂತ: ರಾತ್ರಿ ಕೆಮ್ಮಿನ ಅಲೆ, ವಾಂತಿ, ನಡುವೆ ಏನೂ ಆಗಿಲ್ಲದಂತೆ ಆಟ. "ಹಗಲು ಆಡುತ್ತಾನೆ, ಜ್ವರ ಇಲ್ಲ" ಎಂದು ನೀವು ಬರೆದದ್ದು ನನಗೆ ಸಮಾಧಾನ ತಂದಿತು, ಅನುಮಾನವನ್ನೂ ಗಟ್ಟಿ ಮಾಡಿತು. ನ್ಯುಮೋನಿಯಾ ಆದ ಮಗು ಹೀಗೆ ಆಡುವುದಿಲ್ಲ. ಆದರೂ ಎರಡು ವಾರ ದಾಟಿದ ಕೆಮ್ಮು ಎಂದರೆ ಕ್ಷಯವನ್ನೂ ನೋಡಬೇಕು, ಅಸ್ತಮಾವನ್ನೂ ನೋಡಬೇಕು. ಪತ್ರ ನೋಡಿ ನಾನು ರೋಗದ ಹೆಸರು ಬರೆದುಕೊಡಲಾರೆ. ಪಕ್ಕದ ಮನೆಯವರ ಊಹೆ ಸರಿ ಇರುವ ಹಾಗೆ ಕಾಣುತ್ತದೆ, ಅಷ್ಟೇ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಬಹುದು. ಈ ರೋಗದಲ್ಲಿ ಬಿಳಿ ರಕ್ತಕಣ ವಿಪರೀತ ಏರುತ್ತದೆ, ಅದರಲ್ಲೂ ಕೂಸುಗಳಲ್ಲಿ. ಮೂಗಿನ ಹಿಂದಿನಿಂದ ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸಬಹುದು. ಕೋವಿಡ್ ಕಾಲದಲ್ಲಿ ನೋಡಿದ್ದೀರಲ್ಲ, ಅದೇ ಪಿಸಿಆರ್. ಆದರೆ ರಿಪೋರ್ಟ್ ಬರುವ ತನಕ ಔಷಧಿ ಕಾಯುವ ಹಾಗಿಲ್ಲ. ಅನುಮಾನ ಇದ್ದರೆ ಶುರು ಮಾಡುವುದೇ ಸರಿ.

ಔಷಧಿ ಎಂದರೆ ಅಜಿತ್ರೋಮೈಸಿನ್. ದುಬಾರಿಯದಲ್ಲ, ಹೊಸದಲ್ಲ. ತೂಕ ನೋಡಿ ಲೆಕ್ಕ ಹಾಕಿ ಐದು ದಿನ ಕೊಡುತ್ತಾರೆ. ಇಲ್ಲಿ ಒಂದು ಮಾತು ಸರಿಯಾಗಿ ಕೇಳಿಸಿಕೊಳ್ಳಿ. ಈ ಔಷಧಿ ರೋಗಾಣುವನ್ನು ಕೊಲ್ಲುತ್ತದೆ, ಇನ್ನೊಬ್ಬರಿಗೆ ಹರಡುವುದನ್ನು ನಿಲ್ಲಿಸುತ್ತದೆ. ಕೆಮ್ಮಿನ ಅಲೆ ಶುರುವಾದ ಮೇಲೆ ಕೊಟ್ಟರೆ ಕೆಮ್ಮನ್ನು ನಿಲ್ಲಿಸುವುದಿಲ್ಲ. ಪೈರು ಆಗಲೇ ಮಲಗಿರುತ್ತದಲ್ಲ. ಐದು ದಿನ ಆದ ಮೇಲೂ ಮಗ ಕೆಮ್ಮುತ್ತಾನೆ. ಆಗ "ಈ ಡಾಕ್ಟರ್ ಕೈಗುಣ ಸರಿ ಇಲ್ಲ" ಎಂದು ಮತ್ತೆ ಊರಿನ ಆರ್‌ಎಂಪಿ ಡಾಕ್ಟರ್ ಹತ್ರ ಸೂಜಿಗೆ ಓಡಬೇಡಿ. ದೊಡ್ಡ ಮಕ್ಕಳಲ್ಲಿ ಕೆಮ್ಮು ಶುರುವಾಗಿ ಮೂರು ವಾರ ದಾಟಿದರೆ ಈ ಔಷಧಿಯ ಲಾಭವೇ ಕಡಿಮೆ. ನಿಮ್ಮ ಮಗ ಆ ಗೆರೆಯ ಮೇಲೆ ನಿಂತಿದ್ದಾನೆ. ಮನೆಯಲ್ಲಿ ಕೂಸಿರುವುದರಿಂದ ಅವನಿಗೂ ಕೊಡಬೇಕೆಂದು ಡಾಕ್ಟರ್ ಹೇಳಬಹುದು. ಕೊಡಲಿ.

ಕೂಸಿನ ಲೆಕ್ಕ ಬೇರೆ. ಅದಕ್ಕೆ ಈಗ ಮೂಗು ಮಾತ್ರ ಸೋರುತ್ತಿದೆ. ಇದೇ ಹಂತದಲ್ಲಿ ಔಷಧಿ ಬಿದ್ದರೆ ರೋಗ ಹಗುರಾಗುವ ಅವಕಾಶ ಇದೆ. ಇವತ್ತಿಗೂ ಮುಂದಿನ ವಾರಕ್ಕೂ ಇರುವ ವ್ಯತ್ಯಾಸ ಇದೇ. ಔಷಧಿ ಶುರುವಾದ ಮೇಲೆ ಕೂಸು ಹಾಲು ಕುಡಿದದ್ದನ್ನೆಲ್ಲ ಜೋರಾಗಿ, ದೂರಕ್ಕೆ ಚಿಮ್ಮುವ ಹಾಗೆ ಪದೇ ಪದೇ ವಾಂತಿ ಮಾಡಿದರೆ ಡಾಕ್ಟರಿಗೆ ತಿಳಿಸಿ. ತೀರಾ ಎಳೆಯ ಕೂಸುಗಳಲ್ಲಿ ಅಪರೂಪಕ್ಕೆ ಹೊಟ್ಟೆಯ ಕೆಳಬಾಯಿ ಬಿಗಿಯುವ ತೊಂದರೆ ಆಗುತ್ತದೆ. ಅದೇ ಭಯಕ್ಕೆ ಔಷಧಿಯನ್ನೇ ಬಿಡಬೇಡಿ.

ನಿಮಗೆ, ನಿಮ್ಮ ಯಜಮಾನರಿಗೆ, ಅತ್ತೆಗೆ, ಕೂಸನ್ನು ಎತ್ತಿಕೊಳ್ಳುವ ಎಲ್ಲರಿಗೂ ಕೆಮ್ಮು ಇಲ್ಲದಿದ್ದರೂ ಅದೇ ಔಷಧಿ ಬರೆದುಕೊಡಬಹುದು. "ನಮಗ್ಯಾಕೆ" ಎನ್ನಬೇಡಿ. ದೊಡ್ಡವರಲ್ಲಿ ಇದು ಬರೀ ಒಣ ಕೆಮ್ಮಾಗಿ ಓಡಾಡುತ್ತದೆ. ಅಜ್ಜಿ ಮುದ್ದಾಡುವಾಗಲೇ ಕೂಸಿಗೆ ದಾಟಿಬಿಡುತ್ತದೆ. ಎದೆಹಾಲು ಮಾತ್ರ ನಿಲ್ಲಿಸಬೇಡಿ. ಮಗನನ್ನು ಔಷಧಿ ಶುರುವಾದ ಐದು ದಿನ ಅಂಗನವಾಡಿಗೆ ಕಳಿಸಬೇಡಿ, ಕೂಸಿನ ಪಕ್ಕ ಮಲಗಿಸಬೇಡಿ. ಒಂದೇ ಕೋಣೆಯ ಮನೆ ಇರಬಹುದು, ಗೊತ್ತು. ಅವನ ಹಾಸಿಗೆ ಪಡಸಾಲೆಗೆ ಹೋಗಲಿ.

ಈಗ ನೀವು ಈವರೆಗೆ ಕೊಟ್ಟಿದ್ದರ ಬಗ್ಗೆ. ಸಿರಪ್ಪಿನಿಂದ ಈ ಕೆಮ್ಮು ನಿಲ್ಲುವುದಿಲ್ಲ. ಕೆಲವು ಸಿರಪ್ ನಿದ್ದೆ ಬರಿಸುತ್ತವೆ, ಮಗು ಮಲಗಿದ್ದನ್ನು ನೋಡಿ ಗುಣ ಆಯಿತು ಅನಿಸುತ್ತದೆ. ಕಫ ಹೊರಹಾಕಬೇಕಾದ ಮಗುವನ್ನು ಮಂಪರಿಗೆ ತಳ್ಳುವುದು ಒಳ್ಳೆಯದಲ್ಲ. ಉಳಿದ ಬಾಟಲಿ ಇದ್ದರೆ ಕೂಸಿಗೆ ಒಂದು ಹನಿಯೂ ಬೇಡ. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷ ಸೇರಿದ್ದ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತದ್ದು ನೆನಪಿರಬಹುದು. ಆಮೇಲೆ ಕೇಂದ್ರ ಸರ್ಕಾರವೇ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಸಿರಪ್ ಕೊಡಬೇಡಿ ಎಂದು ಸೂಚನೆ ಹೊರಡಿಸಿತು.

ಕತ್ತೆ ಹಾಲು. ನಗಬೇಡಿ, ನಾನೂ ಚಿಕ್ಕವನಿದ್ದಾಗ ಕುಡಿದವನೇ. ನಮ್ಮ ಕಡೆ ಬೆಳಗಾದರೆ ಕತ್ತೆ ಹೊಡೆದುಕೊಂಡು ಬೀದಿ ಬೀದಿ ಕೂಗುತ್ತಾ ಬರುತ್ತಾರೆ, ಕಣ್ಣ ಮುಂದೆಯೇ ಕರೆದು ಒಳಲೆಯಲ್ಲಿ ಹಾಕಿ ಕೊಡುತ್ತಾರೆ. ಐದು ವರ್ಷದವನಿಗೆ ಒಂದು ಒಳಲೆ ಕುಡಿಸಿದ್ದರಿಂದ ಆಕಾಶವೇನೂ ಬೀಳುವುದಿಲ್ಲ, ಕೆಮ್ಮೂ ಹೋಗುವುದಿಲ್ಲ. ಕೂಸಿಗೆ ಮಾತ್ರ ಬೇಡ. ಕಾಯಿಸದ ಹಸಿ ಹಾಲು, ಅದೂ ಉಸಿರಾಡಲು ಒದ್ದಾಡುವ ಕೂಸಿನ ಬಾಯಿಗೆ! ಜೇನುತುಪ್ಪ, ಬಜೆ ತೇಯ್ದು ನೆಕ್ಕಿಸುವುದೂ ಒಂದು ವರ್ಷದೊಳಗೆ ಬೇಡ. ಲೋಬಾನದ ಹೊಗೆ, ಬಾಣಂತಿ ಮಂಚದ ಕೆಳಗಿನ ಕೆಂಡ, ಕಟ್ಟಿಗೆ ಒಲೆಯ ಹೊಗೆ, ಬೀಡಿ: ಈ ನಾಲ್ಕರಲ್ಲಿ ಯಾವುದು ಮೂಗಿಗೆ ತಾಗಿದರೂ ಕೆಮ್ಮಿನ ಅಲೆ ಏಳುತ್ತದೆ. ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ಹೇಳಿಯೇ ಬಿಡುತ್ತೇನೆ. ಯಾರಾದರೂ ಕೂಸಿನ ಎದೆ, ಹೊಟ್ಟೆಗೆ ಬರೆ ಹಾಕಿಸಿ ಎಂದರೆ ಅವರನ್ನು ಹೊಸ್ತಿಲ ಒಳಗೆ ಬಿಡಬೇಡಿ. ಬರೆ ಹುಣ್ಣಾಗಿ ಕೀವು ತುಂಬಿದ ಕೂಸುಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ಮಗನಿಗೆ ಮನೆಯಲ್ಲಿ ಮಾಡಬೇಕಾದ್ದು ಕಡಿಮೆ. ಕೆಮ್ಮು ಬಂದಾಗ ಎಬ್ಬಿಸಿ ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿದುಕೊಳ್ಳಿ. ಬೆನ್ನು ಗುದ್ದಬೇಡಿ, ಬಾಯಲ್ಲಿ ಬೆರಳು ಹಾಕಬೇಡಿ. ಗಾಬರಿಯಾಗಿ ನೀವು ಕೂಗಿದರೆ ಅವನೂ ಅಳುತ್ತಾನೆ, ಅತ್ತರೆ ಕೆಮ್ಮು ಜಾಸ್ತಿ. ಒಂದೇ ಸಲ ತಟ್ಟೆ ತುಂಬಾ ಬಡಿಸುವ ಬದಲು ಸ್ವಲ್ಪ ಸ್ವಲ್ಪ, ಆಗಾಗ ಕೊಡಿ. ವಾಂತಿ ಆದರೆ ಅರ್ಧ ಗಂಟೆ ಬಿಟ್ಟು ಮತ್ತೆ ಉಣಿಸಿ. ಈ ರೋಗದಲ್ಲಿ ಮಕ್ಕಳು ಸೊರಗುವುದು ಹೀಗೆ ವಾಂತಿಯಲ್ಲಿ ಊಟ ಹೋಗಿ ಹೋಗಿಯೇ.

ಕೂಸಿಗೆ ಮಾತ್ರ ಈ ಕಾವಲು ಬೇಕು. ಉಸಿರು ನಿಂತು ನಿಂತು ಬರುವುದು, ತುಟಿ ಇಲ್ಲವೇ ನಾಲಿಗೆ ನೀಲಿಯಾಗುವುದು, ಮೊಲೆ ಹಿಡಿಯದಿರುವುದು, ಮೈ ಬಟ್ಟೆಯಂತೆ ಜೋತುಬೀಳುವುದು, ಫಿಟ್ಸ್ ಬರುವುದು, ಪಕ್ಕೆಲುಬು ಒಳಗೆಳೆಯುವ ಹಾಗೆ ಏದುಸಿರು. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ನಡುರಾತ್ರಿ ಆದರೂ ಸರಿ. ಸಿಂಧನೂರಿನಲ್ಲಿ ನೋಡಿದ ಡಾಕ್ಟರ್ ಕೂಸನ್ನು ಅಡ್ಮಿಟ್ ಮಾಡಿ ಎಂದರೆ "ಚೆನ್ನಾಗಿಯೇ ಇದೆಯಲ್ಲ" ಎಂದು ವಾಪಸ್ ಕರೆದುಕೊಂಡು ಬರಬೇಡಿ. ಅಲ್ಲಿ ದೊಡ್ಡ ಚಿಕಿತ್ಸೆ ಏನೂ ನಡೆಯುವುದಿಲ್ಲ ಅನಿಸಬಹುದು. ಕಾಲ್ಬೆರಳಿಗೆ ಒಂದು ಕ್ಲಿಪ್, ಅದರ ವೈರ್ ಒಂದು ಡಬ್ಬಿಗೆ. ಕೂಸು ಉಸಿರು ಮರೆತ ಗಳಿಗೆಯಲ್ಲಿ ಆ ಡಬ್ಬಿ ಕೂಗಿಕೊಳ್ಳುತ್ತದೆ, ನರ್ಸ್ ಓಡಿ ಬಂದು ಅಂಗಾಲು ತಟ್ಟಿ, ಕಫ ಎಳೆದು, ಆಮ್ಲಜನಕ ಹಿಡಿಯುತ್ತಾಳೆ. ಮನೆಯಲ್ಲಿ ನೀವು ಎಷ್ಟು ಎಚ್ಚರ ಇದ್ದರೂ ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಹತ್ತಿಬಿಡುತ್ತದೆ.

ರಾಯಚೂರಿಗೆ ನೀವಾಗಿ ಹೋಗಬೇಕಿಲ್ಲ. ಕೂಸಿಗೆ ಉಸಿರಾಟದ ಯಂತ್ರ ಬೇಕಾಗಬಹುದು ಅನಿಸಿದರೆ ತಾಲ್ಲೂಕು ಆಸ್ಪತ್ರೆಯವರೇ ರಾಯಚೂರಿನ ದೊಡ್ಡಾಸ್ಪತ್ರೆ ರಿಮ್ಸ್‌ಗೋ ಬಳ್ಳಾರಿಗೋ ಬರೆದುಕೊಟ್ಟು ಆಂಬುಲೆನ್ಸ್‌ನಲ್ಲಿ ಕಳಿಸುತ್ತಾರೆ. ಆಗ ನಿಮ್ಮದೇ ಗಾಡಿ ಮಾಡಿಕೊಂಡು ಹೋಗುವುದು ಬೇಡ. ದಾರಿ ಎರಡು ತಾಸಿನ ಹತ್ತಿರದ್ದು, ಬಾಡಿಗೆ ಕಾರಿನಲ್ಲಿ ಆಮ್ಲಜನಕ ಇರುವುದಿಲ್ಲ. ಖರ್ಚಿನ ಮಾತು: ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಎಂದು ಒಂದಿದೆ. ಒಂದು ವರ್ಷದೊಳಗಿನ ಕಾಯಿಲೆಯ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ, ಪರೀಕ್ಷೆ, ಆಂಬುಲೆನ್ಸ್ ಎಲ್ಲ ಉಚಿತ. ಯಾರಾದರೂ ಹೊರಗಿಂದ ತನ್ನಿ ಎಂದು ಚೀಟಿ ಬರೆದರೆ ಈ ಹೆಸರು ಹೇಳಿ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಇನ್ನು ಲಸಿಕೆ. ಮಗನ ವಯಸ್ಸು ಮೀರಿಲ್ಲ. ನಾಯಿಕೆಮ್ಮಿನ ಅಂಶ ಇರುವ ಡಿಪಿಟಿಯನ್ನು ಸರ್ಕಾರಿ ಕಾರ್ಯಕ್ರಮದಲ್ಲಿ ಏಳು ವರ್ಷದ ತನಕ ಹಾಕುತ್ತಾರೆ. ಮೊದಲನೆಯದು ಆಗಿ ಐದು ವರ್ಷ ಆಯಿತು, ಮತ್ತೆ ಮೊದಲಿನಿಂದ ಶುರು ಮಾಡಬೇಕು ಎಂದೇನಿಲ್ಲ. ನಿಂತಲ್ಲಿಂದ ಮುಂದುವರಿಸುವುದೇ ನಿಯಮ. ಪೆಂಟಾ (ನಾಯಿಕೆಮ್ಮೂ ಸೇರಿ ಐದು ರೋಗಕ್ಕೆ ಒಂದೇ ಸೂಜಿ) ಹಾಕಬೇಕೋ ಡಿಪಿಟಿಯೋ, ಯಾವಾಗ ಯಾವುದು ಎಂಬುದನ್ನು ಸಿಸ್ಟರ್ ತಾಯಿ ಕಾರ್ಡ್ ನೋಡಿ ಹೇಳುತ್ತಾರೆ. "ರೋಗವೇ ಬಂದು ಹೋಯಿತಲ್ಲ, ಇನ್ನು ಲಸಿಕೆ ಯಾಕೆ" ಎಂದು ಅತ್ತೆ ಕೇಳಿದರೆ ಹೇಳಿ: ಈ ರೋಗ ಬಂದು ಹೋದರೂ ರಕ್ಷಣೆ ಜೀವನಪೂರ್ತಿ ಉಳಿಯುವುದಿಲ್ಲ. ಮೇಲಾಗಿ ಅದೇ ಸೂಜಿಯಲ್ಲಿ ಗಂಟಲಮಾರಿಗೂ ಧನುರ್ವಾಯುಗೂ ರಕ್ಷಣೆ ಇದೆ. ಗಂಟಲಮಾರಿಯನ್ನು ನಾನು ನೋಡಿದ್ದೇನೆ, ಅದರ ಮುಂದೆ ನಾಯಿಕೆಮ್ಮು ಸಾಧು.

ಅತ್ತೆಯವರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಜ್ವರ ಬಂದದ್ದು ನಿಜ, ತೊಡೆ ಬಾತದ್ದು ನಿಜ. ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ಸತ್ತ ರೋಗಾಣು ಇಡಿಯಾಗಿ ಇರುತ್ತದೆ. ಮೈ ಅದನ್ನು ಕಂಡು ಯುದ್ಧಕ್ಕೆ ನಿಲ್ಲುತ್ತದೆ. ಅದೇ ಜ್ವರ. ಒಂದೆರಡು ದಿನ ಇರುತ್ತದೆ. ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಎಂದು ಸಿಸ್ಟರ್ ಹತ್ರವೇ ಕೇಳಿಕೊಂಡು ಬನ್ನಿ. ತೊಡೆಗೆ ತಣ್ಣೀರ ಬಟ್ಟೆ ಇಡಿ. ಎಣ್ಣೆ ಹಾಕಿ ತಿಕ್ಕಬೇಡಿ, ಸುಣ್ಣ ಹಚ್ಚಬೇಡಿ. ಸೂಜಿ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ. ಖಾಸಗಿಯಲ್ಲಿ "ನೋವಿಲ್ಲದ ಸೂಜಿ" ಎಂದು ದುಡ್ಡು ಕೊಟ್ಟು ಹಾಕಿಸುವುದು ಇನ್ನೊಂದು ಬಗೆ. ಅದರಲ್ಲಿ ರೋಗಾಣುವಿನ ಕೆಲವು ತುಣುಕು ಮಾತ್ರ ಇರುತ್ತವೆ, ಜ್ವರ ಕಡಿಮೆ. ಆದರೆ ಅದರ ರಕ್ಷಣೆ ಬೇಗ ಇಳಿಯುತ್ತದೆ. ಪುಕ್ಕಟೆ ಸಿಗುವುದೆಲ್ಲ ಕಳಪೆ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಜ್ವರಕ್ಕೆ ಹೆದರಿ ಒಂದು ದೇಶವೇ ಲಸಿಕೆ ಬಿಟ್ಟರೆ ಏನಾಗುತ್ತದೆ ಎಂಬುದೂ ನಡೆದು ಹೋಗಿದೆ. 1974ರಲ್ಲಿ ಜಪಾನಿನಲ್ಲಿ ನಾಯಿಕೆಮ್ಮು ಹತ್ತಿರ ಹತ್ತಿರ ಮಾಯವಾಗಿತ್ತು. ಇಡೀ ವರ್ಷಕ್ಕೆ 393 ಪ್ರಕರಣ, ಸಾವಿಲ್ಲ. ಅಷ್ಟರಲ್ಲಿ ಲಸಿಕೆ ಪಡೆದ ಇಬ್ಬರು ಕೂಸುಗಳು ತೀರಿಕೊಂಡವು. ಗುಲ್ಲೆದ್ದಿತು, 1975ರಲ್ಲಿ ಲಸಿಕೆಯನ್ನು ಕೆಲಕಾಲ ನಿಲ್ಲಿಸಿದರು. ಮತ್ತೆ ಶುರು ಮಾಡಿದಾಗ ಜನ ಬರಲೇ ಇಲ್ಲ. ನೂರಕ್ಕೆ ಎಂಬತ್ತರಷ್ಟಿದ್ದ ಲಸಿಕೆ ನೂರಕ್ಕೆ ಹತ್ತರ ಹತ್ತಿರಕ್ಕೆ ಬಿತ್ತು. 1979ರಲ್ಲಿ ಅಲ್ಲಿ 13,000ಕ್ಕೂ ಹೆಚ್ಚು ಜನಕ್ಕೆ ನಾಯಿಕೆಮ್ಮು ಬಂತು, 41 ಜನ ಸತ್ತರು. ಹಳೆಯ ಕಥೆ ಎನ್ನಬೇಡಿ. ಇಂಗ್ಲೆಂಡಿನಲ್ಲಿ 2024ರಲ್ಲಿ ಈ ಕೆಮ್ಮಿಗೆ 11 ಎಳೆ ಕೂಸುಗಳು ಬಲಿಯಾದವು. ಆಸ್ಪತ್ರೆ, ಔಷಧಿ, ರಸ್ತೆ ಯಾವುದಕ್ಕೂ ಕೊರತೆ ಇಲ್ಲದ ದೇಶ ಅದು.

ನಮ್ಮ ಕಡೆಯ ತೊಂದರೆ ಬರೀ ಹೆದರಿಕೆಯದಲ್ಲ. ನನ್ನ ಮುಂದೆ ಬರುವ ತಾಯಂದಿರಲ್ಲಿ ಲಸಿಕೆ ಬೇಡವೇ ಬೇಡ ಎನ್ನುವವರು ಕಡಿಮೆ. ತಪ್ಪಿಸಿಕೊಂಡವರೇ ಜಾಸ್ತಿ. ದೇವದುರ್ಗ, ಲಿಂಗಸುಗೂರು ಕಡೆಯ ತಾಂಡಾದಿಂದ ದೀಪಾವಳಿ ಮುಗಿಸಿ ಗುಳೆ ಹೊರಟರೆ ವಾಪಸ್ ಬರುವುದು ಯುಗಾದಿಗೆ, ಇಲ್ಲವೇ ಮಳೆಗಾಲಕ್ಕೆ. ಕೂಸಿನ ಆರು, ಹತ್ತು, ಹದಿನಾಲ್ಕನೇ ವಾರದ ಮೂರೂ ಸೂಜಿ ಅಷ್ಟರೊಳಗೆ ದಾಟಿ ಹೋಗಿರುತ್ತವೆ. ಊರಿನ ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಬೀಗ. ಬೆಂಗಳೂರಿನಲ್ಲಿ ಕಟ್ಟಡದ ಪಕ್ಕದ ಶೆಡ್ಡಿಗೆ ಯಾವ ಆಶಾನೂ ಬರುವುದಿಲ್ಲ. ಮೇಸ್ತ್ರಿ ರಜೆ ಕೊಡುವುದಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ ಊರಲ್ಲೇ ಇದ್ದರೂ ಸೂಜಿ ಹಾಕುವ ಗುರುವಾರದ ಕೂಲಿ ಬಿಟ್ಟು ಬರಬೇಕು, ಮರುದಿನ ಜ್ವರ ಬಂದರೆ ಶುಕ್ರವಾರದ ಕೂಲಿಯೂ ಹೋಯಿತು. ಇದನ್ನು ಅಸಡ್ಡೆ ಎಂದು ಬೈಯುವ ಅಧಿಕಾರಿಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎರಡು ದಿನದ ಕೂಲಿಯ ಲೆಕ್ಕ ಅವರು ಎಂದೂ ಹಾಕಿದವರಲ್ಲ.

ಅದಕ್ಕೇ ಒಂದೆರಡು ವಿಷಯ ಗೊತ್ತಿರಲಿ. ಲಸಿಕೆ ಊರಿಗೆ ಕಟ್ಟಿದ್ದಲ್ಲ. ತಾಯಿ ಕಾರ್ಡ್ ಹಿಡಿದುಕೊಂಡು ಯಾವ ಊರಿನ ಸರ್ಕಾರಿ ಆಸ್ಪತ್ರೆಗೆ ಹೋದರೂ ಮುಂದಿನ ಸೂಜಿ ಹಾಕಲೇಬೇಕು, ದುಡ್ಡಿಲ್ಲ. ಈಗ ಯು-ವಿನ್ ಎಂಬ ಪೋರ್ಟಲ್ಲಿನಲ್ಲಿ ಮೊಬೈಲ್ ನಂಬರ್ ಮೇಲೆ ಕೂಸಿನ ಲೆಕ್ಕ ಇರುತ್ತದೆ, ಕಾರ್ಡ್ ಕಳೆದರೂ ಹುಡುಕಬಹುದು. ನಂಬರ್ ಬದಲಿಸಿದರೆ ಮಾತ್ರ ಫಜೀತಿ. ಕಾರ್ಡಿನ ಲಸಿಕೆ ಪುಟದ ಫೋಟೋ ತೆಗೆದು ನಿಮ್ಮ ಮತ್ತು ಯಜಮಾನರ ಎರಡೂ ಫೋನಿನಲ್ಲಿ ಇಟ್ಟುಕೊಳ್ಳಿ.

"ನಮ್ಮ ಬಿಸಿಲಿಗೆ ಲಸಿಕೆ ಕೆಟ್ಟಿರುತ್ತದೆ" ಎಂದು ಹೇಳುವವರೂ ಇದ್ದಾರೆ. ಪ್ರಶ್ನೆ ತಪ್ಪಲ್ಲ, ರಾಯಚೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ. ಉತ್ತರ ಬಾಟಲಿಯ ಮೇಲೆಯೇ ಇದೆ. ಲೇಬಲ್ಲಿನಲ್ಲಿ ಒಂದು ಸಣ್ಣ ವೃತ್ತ, ಅದರೊಳಗೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿ ಬಣ್ಣದ್ದಿದ್ದರೆ ಬಿಸಿಲು ತಾಗಿಲ್ಲ. ಎರಡೂ ಒಂದೇ ಬಣ್ಣವಾದರೆ ಆ ಬಾಟಲಿ ಎಸೆಯಬೇಕು. ಸಿಸ್ಟರ್‌ಗೆ "ಸ್ವಲ್ಪ ತೋರಿಸಿ" ಎಂದು ಕೇಳಿ ನೋಡಿ. ಹಾಗೆ ಕೇಳುವವರು ಸಿಗುವುದೇ ಅಪರೂಪ. ಬಹಳ ಸಿಸ್ಟರ್‌ಗಳು ಖುಷಿಯಿಂದಲೇ ತೋರಿಸುತ್ತಾರೆ.

ನಿಮ್ಮ ಓಣಿಯಲ್ಲಿ ಬಸುರಿಯರಿದ್ದರೆ ಅವರಿಗೊಂದು ಮಾತು ದಾಟಿಸಿ. ಕೂಸಿಗೆ ನಾಯಿಕೆಮ್ಮಿನ ಮೊದಲ ಸೂಜಿ ಆರನೇ ವಾರಕ್ಕೆ. ಅಲ್ಲಿಯ ತನಕ ಅದು ಬರಿಗೈ. ಆ ಸಂದು ಮುಚ್ಚಲು ಬಸುರಿಗೆ 27ರಿಂದ 36ನೇ ವಾರದೊಳಗೆ ಟಿಡ್ಯಾಪ್ ಎಂಬ ಲಸಿಕೆ ಕೊಡುವ ಪದ್ಧತಿ ಇದೆ, ತಾಯಿಯ ರಕ್ಷಣೆ ಹೊಕ್ಕುಳಬಳ್ಳಿಯಲ್ಲಿ ಕೂಸಿಗೆ ಹೋಗುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವುದು ಟಿಡಿ, ಅದರಲ್ಲಿ ನಾಯಿಕೆಮ್ಮಿನ ಅಂಶ ಇಲ್ಲ. ಟಿಡ್ಯಾಪ್ ಸದ್ಯ ದುಡ್ಡು ಕೊಟ್ಟು ಖಾಸಗಿಯಲ್ಲೇ ಹಾಕಿಸಬೇಕು. ಕೂಲಿ ಮಾಡುವವರಿಗೆ ಅದು ಸಣ್ಣ ಮೊತ್ತವಲ್ಲ. ಸರ್ಕಾರ ಇದನ್ನೂ ಪುಕ್ಕಟೆ ಕೊಡಬೇಕು ಎಂಬುದು ನನ್ನ ಹಳೆಯ ತಕರಾರು.

ಕೊನೆಗೆ ನಿಮ್ಮ ಮಗಳ ಲೆಕ್ಕ. ಇವತ್ತಿಗೆ ನಲವತ್ತು ದಿನ ಆದರೆ ನಾಡಿದ್ದಿಗೆ ಆರು ವಾರ ತುಂಬುತ್ತದೆ, ಮೊದಲ ಪೆಂಟಾದ ದಿನ ಅದೇ. ಬರೀ ಮೂಗು ಸೋರುತ್ತಿದ್ದರೆ ಲಸಿಕೆ ಮುಂದೂಡಬೇಕಿಲ್ಲ. ಔಷಧಿ ನಡೆಯುತ್ತಿದ್ದರೂ ಅಡ್ಡಿಯಿಲ್ಲ. ಅಡ್ಮಿಟ್ ಆಗಿದ್ದರೆ ಡಿಸ್ಚಾರ್ಜ್ ಚೀಟಿ ಬರೆಯುವಾಗ "ಪೆಂಟಾ ಯಾವಾಗ" ಎಂದು ಕೇಳಿ, ಆ ತಾರೀಖನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ಹೊರಡುವಾಗ ಮಗನ ಹಳೇ ಕಾರ್ಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ಹೊಂದಿದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ್ ಹೇಳುವುದನ್ನು ಅವರೇ ಕಿವಿಯಾರೆ ಕೇಳಲಿ.